ಬಾಯಿತಾಳದ ಪಾಠಶಾಲೆ

ಡಿಸೆಂಬರ್ ತಿಂಗಳ ಸಂಜೆ. ಉಡುಪಿಯ ಶ್ರೀಕೃಷ್ಣ ಮಠದ ಪರಿಸರದಲ್ಲೊಂದು ರಂಗಸ್ಥಳ, ಅದರ ಹಿಂದೆ ಚೌಕಿ. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಸಾಲಾಗಿ ಕುಳಿತು ಮುಖಕ್ಕೆ ಬಣ್ಣ ಹಾಕಿಸಿಕೊಳ್ಳುತ್ತಿದ್ದಾರೆ. ಅವರಲ್ಲಿ ಹುಡುಗಿಯರೂ ಬಹಳ ಮಂದಿ. ಒಬ್ಬಳ ತಲೆಗೆ ಕೇದಗೆ ಮುಂದಲೆ ಕಟ್ಟುತ್ತಿರುವಾಗ ಅವಳು ಅಲ್ಲಾಡುವಂತಿಲ್ಲ. ಕಣ್ಣು ಮುಚ್ಚಿದೆ, ಕೊರಳು ನೆಟ್ಟಗಿದೆ. ತುಟಿ ಮಾತ್ರ ಮಿಡಿಯುತ್ತಿದೆ. ಹತ್ತಿರ ಹೋಗಿ ಕಿವಿಗೊಟ್ಟರೆ ತಿಳಿಯುತ್ತದೆ, ಅದು ಬಾಯಿತಾಳ. ಇನ್ನು ಹತ್ತು ನಿಮಿಷದಲ್ಲಿ ಕಾಲು ಹಾಕಬೇಕಾದ ಹೆಜ್ಜೆಯನ್ನು ನಾಲಗೆ ಮೊದಲೇ ಹಾಕಿ ನೋಡುತ್ತಿದೆ.

ಇದು ಕಿಶೋರ ಯಕ್ಷಗಾನ ಸಂಭ್ರಮ. ಆಗ ಶಾಸಕರಾಗಿದ್ದ ಕೆ. ರಘುಪತಿ ಭಟ್ಟರ ಮುತುವರ್ಜಿಯಿಂದ ಹುಟ್ಟಿದ ಯಕ್ಷಶಿಕ್ಷಣ ಟ್ರಸ್ಟ್, ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಉಡುಪಿ ಸುತ್ತಮುತ್ತಲಿನ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳುಹಿಸಿ ಯಕ್ಷಗಾನ ಕಲಿಸುತ್ತ ಬಂದಿದೆ. 1975ರಲ್ಲಿ ಸ್ಥಾಪನೆಯಾದ ಉಡುಪಿಯ ಯಕ್ಷಗಾನ ಕಲಾರಂಗ ಈ ಕೆಲಸಕ್ಕೆ ಹೆಗಲು ಕೊಟ್ಟಿದೆ. ಮಳೆಗಾಲದಲ್ಲಿ ಶಾಲೆಯ ಜಗಲಿಯಲ್ಲಿ ಶುರುವಾಗುವ ಪಾಠ ವರ್ಷದ ಕೊನೆಗೆ ಪೂರ್ಣ ವೇಷದೊಡನೆ ರಂಗಕ್ಕೆ ಬರುತ್ತದೆ. ಮನೆಯಲ್ಲಿ ಯಕ್ಷಗಾನದ ಗಂಧವೇ ಇಲ್ಲದ ಮಕ್ಕಳೂ ಅಲ್ಲಿ ಅಭಿಮನ್ಯುವಾಗುತ್ತಾರೆ, ಬಬ್ರುವಾಹನನಾಗುತ್ತಾರೆ.

ಆ ಹುಡುಗಿಯ ತುಟಿಯ ಮೇಲಿನ ತಾಳವನ್ನು ಕೇಳಿದ್ದರೆ ತುಂಬ ಸಂತೋಷಪಡುತ್ತಿದ್ದ ಒಬ್ಬ ಸಂಗೀತಗಾರ ಹಂಗೇರಿಯಲ್ಲಿದ್ದರು. ಅವರ ಹೆಸರು ಜೋಲ್ಟಾನ್ ಕೊಡಾಯ್.

1882ರಲ್ಲಿ ಕೆಚ್ಕೆಮೇತ್ ಎಂಬ ಊರಿನಲ್ಲಿ ಹುಟ್ಟಿದ ಕೊಡಾಯ್ ರೈಲ್ವೆ ನೌಕರನ ಮಗ. ತಂದೆಗೆ ವರ್ಗವಾದಂತೆಲ್ಲ ಕುಟುಂಬ ಊರು ಬದಲಿಸುತ್ತಿತ್ತು. ಬಾಲ್ಯದ ಒಳ್ಳೆಯ ವರ್ಷಗಳು ಕಳೆದದ್ದು ಈಗ ಸ್ಲೊವಾಕಿಯಾದಲ್ಲಿರುವ ಗಲಾಂಟಾ ಎಂಬ ಸಣ್ಣ ಪೇಟೆಯಲ್ಲಿ, ಚಪ್ಪಲಿಯಿಲ್ಲದ ರೈತಮಕ್ಕಳ ಜೊತೆ. ಮುಂದೆ ಅವರು ಬುಡಾಪೆಸ್ಟಿನಲ್ಲಿ ಓದಿ, 1906ರಲ್ಲಿ ಹಂಗೇರಿಯ ಜನಪದ ಗೀತೆಗಳ ಪದ್ಯರಚನೆಯ ಮೇಲೆ ಡಾಕ್ಟರೇಟ್ ಪಡೆದರು. ಮರುವರ್ಷ ಅಲ್ಲಿನ ಸಂಗೀತ ಅಕಾಡೆಮಿಯಲ್ಲಿ ಪ್ರಾಧ್ಯಾಪಕರಾದರು. ಗೆಳೆಯ ಬೇಲಾ ಬಾರ್ತೊಕ್ ಜೊತೆ ಫೋನೊಗ್ರಾಫ್ ಹೊತ್ತು ಹಳ್ಳಿಹಳ್ಳಿ ತಿರುಗಿ, ಹೊಲದಲ್ಲಿ ದುಡಿಯುವವರು ಹಾಡಿದ್ದನ್ನು ಮೇಣದ ಉರುಳೆಗಳ ಮೇಲೆ ಹಿಡಿದಿಟ್ಟರು. ಆ ಕಾಲದ ಬುಡಾಪೆಸ್ಟಿನ ಸಭ್ಯ ಮನೆಗಳಲ್ಲಿ ಹಾಡು ಎಂದರೆ ಜರ್ಮನ್ ಹಾಡು. ಹಳ್ಳಿಯ ಹಾಡಿಗೆ ಅಲ್ಲಿ ಕುಳಿತುಕೊಳ್ಳಲು ಜಾಗವಿರಲಿಲ್ಲ.

ಕೊಡಾಯ್ ಹೆಸರು ಮಾಡಿದ್ದು 1923ರ ದೊಡ್ಡ ಸಮೂಹಗೀತೆ ‘ಸಾಲ್ಮುಸ್ ಹಂಗಾರಿಕುಸ್’ನಿಂದ. ಅದರ ಪ್ರದರ್ಶನಕ್ಕೆ ಶಾಲಾ ಹುಡುಗರ ಮೇಳವೊಂದು ಬಂದು ಹಾಡಿತು. ಆ ಧ್ವನಿಗಳು ಅವರ ದಾರಿಯನ್ನೇ ತಿರುಗಿಸಿದವು. 1925ರಲ್ಲಿ ಮಕ್ಕಳ ಮೇಳಕ್ಕೆಂದೇ ಎರಡು ಹಾಡು ಬರೆದರು. ಅಲ್ಲಿಂದ ಮುಂದೆ ಸುಮಾರು ನಾಲ್ಕು ದಶಕ, 1967ರಲ್ಲಿ ಕಣ್ಣು ಮುಚ್ಚುವವರೆಗೆ, ಮಕ್ಕಳ ಹಾಡು ಅವರ ಮೇಜಿನಿಂದ ಇಳಿಯಲಿಲ್ಲ. ಯುರೋಪಿನ ದೊಡ್ಡ ವಾದ್ಯವೃಂದಗಳು ಹೊಸ ಕೃತಿಗಾಗಿ ಕಾಯುತ್ತಿದ್ದಾಗ ಈ ಮನುಷ್ಯ ಎರಡೇ ಧ್ವನಿಯ ಪುಟ್ಟ ಹಾಡುಗಳನ್ನು, ಸ್ವರ ಓದುವ ಅಭ್ಯಾಸಗಳನ್ನು ಬರೆಯುತ್ತಿದ್ದರು. 1937ರಿಂದ ಹೊರಬಂದ ‘ಬಿಚಿನಿಯಾ ಹಂಗಾರಿಕಾ’ ಎಂಬ ಎರಡು ಧ್ವನಿಯ ಹಾಡುಗಳನ್ನು ಬರೆಯುವಾಗ ತನ್ನ ಕಣ್ಣ ಮುಂದಿದ್ದವರು ಗಲಾಂಟಾ ಶಾಲೆಯ ಬರಿಗಾಲ ಗೆಳೆಯರೇ ಎಂದು ಅವರು ಹೇಳಿಕೊಂಡಿದ್ದಾರೆ.

ಅವರ ಇನ್ನೊಂದು ಮಾತು ಹಂಗೇರಿಯಲ್ಲಿ ಗಾದೆಯಷ್ಟೇ ಪ್ರಸಿದ್ಧ. ಬುಡಾಪೆಸ್ಟಿನ ಒಪೆರಾ ಮಂದಿರಕ್ಕೆ ಯಾರು ನಿರ್ದೇಶಕರು ಎಂಬುದಕ್ಕಿಂತ ಕಿಶ್ವಾರ್ದಾ ಎಂಬ ಮೂಲೆಯ ಊರಿನ ಶಾಲೆಯಲ್ಲಿ ಯಾರು ಹಾಡು ಕಲಿಸುತ್ತಾರೆ ಎಂಬುದು ಮುಖ್ಯ. ಕೆಟ್ಟ ನಿರ್ದೇಶಕ ಒಮ್ಮೆ ಸೋತು ಹೋಗುತ್ತಾನೆ, ಕೆಟ್ಟ ಮೇಷ್ಟ್ರು ಮೂವತ್ತು ವರ್ಷ ಕೂತು ಮೂವತ್ತು ತಂಡದ ಮಕ್ಕಳಲ್ಲಿ ಸಂಗೀತದ ಪ್ರೀತಿಯನ್ನು ಕೊಲ್ಲುತ್ತಾನೆ ಎಂಬುದು ಅದರ ತಾತ್ಪರ್ಯ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರಕ್ಕಿಂತ ಶಿರ್ವದ ಅಥವಾ ಹೆಬ್ರಿಯ ಶಾಲೆಯ ಮೇಷ್ಟ್ರು ಮುಖ್ಯ ಎಂದು ಈ ಕಡೆ ಯಾರಾದರೂ ಹೇಳಿದರೆ ಹೇಗಿರುತ್ತದೆಯೋ ಹಾಗೆ.

ಕೊಡಾಯ್ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಪದ್ಧತಿಯ ಉಪಕರಣಗಳು ಬಹುಪಾಲು ಎರವಲು. ಸ್ವರಕ್ಕೊಂದರಂತೆ ಕೈ ತೋರಿಸುವ ಮುದ್ರೆಗಳು ಇಂಗ್ಲೆಂಡಿನ ಜಾನ್ ಕರ್ವೆನ್ ಅವರಿಂದ ಬಂದವು. ಲಯಕ್ಕೆ ‘ತಾ’, ‘ತಿತಿ’ ಎಂದು ಬಾಯಲ್ಲಿ ಹೇಳಿಸುವ ಕ್ರಮ ಫ್ರಾನ್ಸಿನ ಶೆವೆ ಅವರಿಂದ ಬಂತು. ‘ದೊ’ ಎಂಬ ಸ್ವರವನ್ನು ಯಾವ ಎತ್ತರದಲ್ಲಾದರೂ ಇಟ್ಟುಕೊಂಡು ಹಾಡಬಹುದೆಂಬ ಕ್ರಮವೂ ಹಳೆಯದೇ. ಹಾಡುಗಳು ಮಾತ್ರ ಸ್ವಂತದ್ದು, ತಾಯಿನುಡಿಯದು. ಮಗು ಮೊದಲು ಹಾಡಬೇಕು, ಆಮೇಲೆ ಓದಬೇಕು. ಮೊದಲ ವಾದ್ಯ ಗಂಟಲೇ, ಏಕೆಂದರೆ ಅದನ್ನು ಯಾವ ಬಡವನೂ ಕೊಳ್ಳಬೇಕಿಲ್ಲ. ದಿನವೂ ಹಾಡಬೇಕು. ಎಲ್ಲ ಮಕ್ಕಳೂ ಹಾಡಬೇಕು. ಈ ಪದ್ಧತಿಯಲ್ಲಿ ನಡೆದ ಮೊದಲ ಸಂಗೀತ ಪ್ರಾಥಮಿಕ ಶಾಲೆ 1950ರಲ್ಲಿ ಅವರ ಹುಟ್ಟೂರು ಕೆಚ್ಕೆಮೇತ್‌ನಲ್ಲಿ ಮಾರ್ತಾ ನೆಮೆಸ್ಸೆಗಿ ಎಂಬ ಶಿಕ್ಷಕಿಯ ಮುಂದಾಳ್ತನದಲ್ಲಿ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಅಂಥ ಶಾಲೆಗಳು ನೂರನ್ನು ದಾಟಿದವು. 2016ರಲ್ಲಿ ಯುನೆಸ್ಕೊ ಈ ಪದ್ಧತಿಯನ್ನು ಜನಪದ ಸಂಗೀತವನ್ನು ಉಳಿಸುವ ಉತ್ತಮ ಮಾದರಿಗಳ ಪಟ್ಟಿಗೆ ಸೇರಿಸಿತು.

ಈ ವಿವರಗಳನ್ನು ಓದುವ ಕನ್ನಡಿಗನಿಗೆ ಒಂದೊಂದೂ ಪರಿಚಿತವೆನಿಸಿದರೆ ಅಚ್ಚರಿಯಿಲ್ಲ. ಷಡ್ಜವನ್ನು ಅವರವರ ಗಂಟಲಿಗೆ ಒಪ್ಪುವಲ್ಲಿ ಹಿಡಿಯುವುದು ಇಲ್ಲಿ ಯಾರೂ ಹೊಸದಾಗಿ ಹೇಳಿಕೊಡಬೇಕಾದ ಸಂಗತಿಯಲ್ಲ. ತೊಡೆಯ ಮೇಲೆ ಪೆಟ್ಟು, ಕಿರುಬೆರಳಿನಿಂದ ಎಣಿಕೆ, ಅಂಗೈ ಮಗುಚುವುದು, ಹೀಗೆ ಕೈಯಲ್ಲೇ ತಾಳ ಹಾಕುವ ವಿದ್ಯೆ ಇಲ್ಲಿನ ಪಾಠದ ಮೊದಲ ದಿನದ್ದು. ಲಯವನ್ನು ಬಾಯಲ್ಲಿ ನುಡಿಸುವುದಂತೂ ಇಲ್ಲಿ ಒಂದು ದೊಡ್ಡ ಶಾಸ್ತ್ರವಾಗಿ ಬೆಳೆದಿದೆ.

ಎಲ್ಲಕ್ಕಿಂತ ದೊಡ್ಡ ಹೋಲಿಕೆ ಪುರಂದರದಾಸರದು. ಹದಿನಾರನೆಯ ಶತಮಾನದ ಈ ಹರಿದಾಸರು ಭಕ್ತಿಯ ಪದಗಳನ್ನಷ್ಟೇ ಕಟ್ಟಿ ಸುಮ್ಮನಾಗಲಿಲ್ಲ, ಸಂಗೀತಕ್ಕೆ ಮಗುವಿನ ಪಾಠಪಟ್ಟಿಯನ್ನೂ ಕಟ್ಟಿಕೊಟ್ಟರು ಎಂದು ಸಂಪ್ರದಾಯ ಹೇಳುತ್ತದೆ. ಸರಳೆ ವರಸೆ, ಜಂಟಿ ವರಸೆ, ಏಳು ತಾಳಗಳ ಅಲಂಕಾರ, ಆಮೇಲೆ ಮಲಹರಿ ರಾಗದ ಪಿಳ್ಳಾರಿ ಗೀತೆ. ಪಿಳ್ಳಾರಿ ಎಂದರೆ ಗಣಪತಿ. ಚೆನ್ನೈಯಲ್ಲಾಗಲಿ, ತಿರುವನಂತಪುರದಲ್ಲಾಗಲಿ, ಅಮೆರಿಕದ ಯಾವುದೋ ಊರಿನ ನೆಲಮಾಳಿಗೆಯಲ್ಲಾಗಲಿ, ಕರ್ನಾಟಕ ಸಂಗೀತ ಕಲಿಯುವ ಮಗು ಇಂದಿಗೂ ಈ ಮೆಟ್ಟಿಲನ್ನೇ ಹತ್ತುತ್ತದೆ. ನಾಲ್ಕೂವರೆ ಶತಮಾನ ಬಾಳಿದ ಪಠ್ಯಕ್ರಮ ಬೇರೆ ಯಾವ ವಿಷಯದಲ್ಲಿದೆ?

ಒಂದು ಕಡೆ ಮಾತ್ರ ಈ ಇಬ್ಬರು ಗುರುಗಳ ದಾರಿ ಬೇರೆಯಾಗುತ್ತದೆ, ಅದು ಯೋಚಿಸಬೇಕಾದ ಜಾಗ. ದಾಸರ ಪದ್ಧತಿಯಲ್ಲಿ ಮಗು ಮಾಯಾಮಾಳವಗೌಳದಿಂದ ಶುರು ಮಾಡುತ್ತದೆ. ಆ ರಾಗದಲ್ಲಿ ಸ್ವರಗಳ ನಡುವಿನ ಅಂತರ ಕೆಲವೆಡೆ ತೀರ ಕಿರಿದು, ಕೆಲವೆಡೆ ಅಗಲ. ಮೇಲರ್ಧ ಕೆಳಗಿನ ಅರ್ಧದ ಪಡಿಯಚ್ಚು. ಕಿವಿಗೆ ಅಂತರಗಳು ಸ್ಪಷ್ಟವಾಗಿ ಕೂರುತ್ತವೆ ಎಂಬುದು ಗುರುಗಳ ವಿವರಣೆ. ಕೊಡಾಯ್ ಇದಕ್ಕೆ ವಿರುದ್ಧ. ಕಿರಿದಾದ ಅಂತರ ಎಳೆಯ ಗಂಟಲಿಗೆ ಕಷ್ಟ, ಆದ್ದರಿಂದ ಐದೇ ಸ್ವರದ ಹಾಡುಗಳಿಂದ ಶುರು ಮಾಡಬೇಕು ಎಂಬುದು ಅವರ ಅನುಭವ. ಮಕ್ಕಳು ಅಂಗಳದ ಆ ತುದಿಯಿಂದ ಒಬ್ಬರನ್ನೊಬ್ಬರು ಕೂಗಿ ಕರೆಯುವಾಗ ತಾನಾಗಿ ಬರುವ ಎರಡು ಸ್ವರಗಳೇ ಅವರ ಮೊದಲ ಪಾಠ. ದಾಸರ ದಾರಿಯಲ್ಲಿ ಹೋದ ಮಗುವಿಗೆ ಮುಂದೆ ಶಾಸ್ತ್ರೀಯ ಸಂಗೀತದ ಯಾವ ರಾಗಕ್ಕೂ ಬೇಕಾದ ನೆಲಗಟ್ಟು ಸಿಗುತ್ತದೆ. ಆದರೆ ಸಂಗೀತಗಾರನಾಗಲು ಹೊರಡದ, ಸುಮ್ಮನೆ ಹಾಡಿಕೊಂಡಿರಬೇಕಾದ ಮಗುವಿಗೆ? ಅದಕ್ಕೆ ಕೊಡಾಯ್ ಹಿಡಿದ ಬಾಗಿಲು ಹೆಚ್ಚು ಅಗಲ ಎಂದೇ ಹೇಳಬೇಕಾಗುತ್ತದೆ.

ಹಾಡು ಕಲೆಹಾಕುವ ಕೆಲಸದಲ್ಲಿ ಕರಾವಳಿ ಹಿಂದೆ ಬಿದ್ದದ್ದಿಲ್ಲ. ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1850ರಲ್ಲೇ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಮುಂದೆ ಉಡುಪಿಯ ಪಾವಂಜೆ ಗುರುರಾಯರು ಹರಿದಾಸರ ಕೀರ್ತನೆಗಳನ್ನು ಪುಸ್ತಕ ಮಾಡಿ ಮನೆಮನೆಗೆ ಮುಟ್ಟಿಸಿದರು. ವಾದಿರಾಜರ ಲಕ್ಷ್ಮೀಶೋಭಾನೆಯನ್ನು ಕಾಯ್ದಿಟ್ಟವರು ಮದುವೆಮನೆಯ ಹೆಂಗಸರು. 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಇಲ್ಲಿನ ವಿದ್ವಾಂಸರ ಜೊತೆಗೂಡಿ, ಮಾಚಾರಿನ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಮಹಾಕಾವ್ಯವನ್ನು ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು. ಗೋಪಾಲ ನಾಯ್ಕರು ಅಷ್ಟನ್ನೂ ಕಂಠದಲ್ಲೇ ಇಟ್ಟುಕೊಂಡಿದ್ದರು. ಫಿನ್ನಿಶ್ ಮತ್ತು ಹಂಗೇರಿಯನ್ ಒಂದೇ ಬಳಗದ ಭಾಷೆಗಳು ಎಂಬುದನ್ನು ಇಲ್ಲಿ ನೆನೆದರೆ ಮನಸ್ಸಿಗೆ ಹಿತ. ಆದರೆ ಹಂಗೇರಿಯಲ್ಲಿ ಮೇಣದ ಉರುಳೆಯಿಂದ ಹಾಡು ನೇರ ಒಂದನೆಯ ತರಗತಿಯ ಪುಸ್ತಕಕ್ಕೆ ಇಳಿಯಿತು. ಇಲ್ಲಿ ಅದು ಹೆಚ್ಚಾಗಿ ಕಪಾಟಿನಲ್ಲಿ ಉಳಿಯಿತು.

ಕಪಾಟಿನಿಂದ ಹೊರತೆಗೆದು ಮಕ್ಕಳ ಕೈಗೆ ಕೊಟ್ಟವರೂ ಇದ್ದಾರೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಹಾಡು, ಕುಣಿತಗಳ ಮೂಲಕ ಕಲಿಸುವ ಪ್ರಯೋಗ ಮಾಡಿದವರು. ‘ಯಕ್ಷಗಾನ ಬಯಲಾಟ’ ಎಂಬ ದೊಡ್ಡ ಅಧ್ಯಯನಕ್ಕೆ 1958ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಪ್ರಾಂಶುಪಾಲ ಕು.ಶಿ. ಹರಿದಾಸ ಭಟ್ಟರು ಕಾರಂತರನ್ನು ಮುಂದಿಟ್ಟುಕೊಂಡು 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರವನ್ನು ಆರಂಭಿಸಿದರು. ಮಣಿಪಾಲದ ಶಿಕ್ಷಣ ಸಂಸ್ಥೆಗಳ ಆಸರೆ ಅದಕ್ಕೆ ಸಿಕ್ಕಿತು. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಇಂದ್ರಾಳಿಯಲ್ಲಿರುವ ಈ ಕೇಂದ್ರದಲ್ಲಿ ಹುಡುಗರು ಉಳಿದುಕೊಂಡು, ಹಗಲು ಶಾಲೆಗೆ ಹೋಗಿ, ಉಳಿದ ಹೊತ್ತು ಯಕ್ಷಗಾನ ಕಲಿಯುತ್ತಾರೆ. ಗುರು ಬನ್ನಂಜೆ ಸಂಜೀವ ಸುವರ್ಣರು ಅಲ್ಲಿ ದಶಕಗಳ ಕಾಲ ಮಕ್ಕಳ ಕಾಲು, ಕೈ, ಕಣ್ಣುಗಳನ್ನು ತಿದ್ದಿದ್ದಾರೆ.

ಇನ್ನೂ ಚಿಕ್ಕ ಮಕ್ಕಳ ಕಥೆ ಸಾಲಿಗ್ರಾಮದ್ದು. ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ 1975ರಲ್ಲಿ ಅಲ್ಲಿ ಮಕ್ಕಳ ಮೇಳವನ್ನು ಕಟ್ಟಿದರು. ದೊಡ್ಡವರ ಆಟದಲ್ಲಿ ಮಕ್ಕಳಿಗೊಂದು ಪಾತ್ರ ಕೊಡುವುದಲ್ಲ, ಇಡೀ ಆಟವೇ ಮಕ್ಕಳದು. ಆ ಮೇಳ ದೇಶದ ಹೊರಗೂ ಹೋಗಿ ಆಡಿ ಬಂದಿದೆ.

ಹಳೆಯ ಯಕ್ಷಗಾನ ತಾನೇ ಒಂದು ಶಾಲೆಯಾಗಿತ್ತು ಎಂಬುದನ್ನು ಈಗಿನ ಪ್ರೇಕ್ಷಕರು ಮರೆಯುತ್ತಿದ್ದಾರೆ. ರಾತ್ರಿಯಿಡೀ ನಡೆಯುವ ಆಟದಲ್ಲಿ ಪ್ರಸಂಗಕ್ಕೆ ಮೊದಲು ಪೂರ್ವರಂಗ ಇರುತ್ತಿತ್ತು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಮೊದಲು ಕೋಡಂಗಿ ವೇಷದಲ್ಲಿ ರಂಗಕ್ಕೆ ಬರುತ್ತಿದ್ದ. ತಪ್ಪು ಹೆಜ್ಜೆ ಹಾಕಿದರೂ ಯಾರೂ ಬೈಯುವಂತಿಲ್ಲ, ಅದು ಕೋಡಂಗಿಯ ಹಕ್ಕು. ಸ್ವಲ್ಪ ಪಳಗಿದ ಮೇಲೆ ಬಾಲಗೋಪಾಲ. ಬಲರಾಮ ಕೃಷ್ಣರ ವೇಷದಲ್ಲಿ ಇಬ್ಬರು ಹುಡುಗರು ಜೋಡಿಯಾಗಿ ಕುಣಿಯಬೇಕು. ಆಮೇಲೆ ಪೀಠಿಕೆ ಸ್ತ್ರೀವೇಷ. ಹೀಗೆ ಒಂದೊಂದು ತಾಳಕ್ಕೂ ಹೆಜ್ಜೆ ಕಲಿತು ಮೇಲೇರುತ್ತಿದ್ದ. ಇದನ್ನೆಲ್ಲ ದಾಟಿದ ಹುಡುಗನಿಗೆ ತಾಳ ಎಂಬುದು ಲೆಕ್ಕವಾಗಿ ಉಳಿಯುತ್ತಿರಲಿಲ್ಲ, ಉಸಿರಾಗುತ್ತಿತ್ತು. ಕಾಲಮಿತಿ ಬಯಲಾಟ ಬಂದು ಆಟ ಕೆಲವೇ ತಾಸಿಗೆ ಇಳಿದಾಗ ಮೊದಲು ಕತ್ತರಿ ಬಿದ್ದದ್ದು ಈ ಪೂರ್ವರಂಗಕ್ಕೆ. ಪ್ರೇಕ್ಷಕನಿಗೆ ಒಂದು ತಾಸು ಉಳಿಯಿತು, ಹುಡುಗರಿಗೆ ಒಂದು ಶಾಲೆ ಹೋಯಿತು. ಯಕ್ಷಶಿಕ್ಷಣ, ಯಕ್ಷಗಾನ ಕೇಂದ್ರ, ಮಕ್ಕಳ ಮೇಳ ಈಗ ಆ ಕಳೆದುಹೋದ ಶಾಲೆಯ ಜಾಗವನ್ನು ತುಂಬಲು ದುಡಿಯುತ್ತಿವೆ.

ಆದರೂ ಪ್ರೀತಿಯಿಂದಲೇ ಹೇಳಬೇಕಾದ ಒಂದು ಕೊರತೆಯಿದೆ. ಯಕ್ಷಗಾನದಲ್ಲಿ ಹಾಡುವವರು ಭಾಗವತರೊಬ್ಬರೇ. ವೇಷಧಾರಿ ಕುಣಿಯುತ್ತಾನೆ, ಅರ್ಥ ಹೇಳುತ್ತಾನೆ, ಹಾಡುವುದಿಲ್ಲ. ಶಾಲೆಗೆ ಬರುವ ಗುರು ಹೆಜ್ಜೆ, ಅಭಿನಯ, ಮಾತು ಕಲಿಸುತ್ತಾರೆ. ವರ್ಷದ ಕೊನೆಯ ಪ್ರದರ್ಶನಕ್ಕೆ ನುರಿತ ಭಾಗವತರು ಬಂದು ಹಾಡುತ್ತಾರೆ. ಏಕ, ರೂಪಕ, ಝಂಪೆ, ಅಷ್ಟ, ತ್ರಿವುಡೆ ಎಲ್ಲವೂ ಮಗುವಿನ ಕಾಲಿಗೆ ಇಳಿದಿರುತ್ತವೆ. ರಾಗ ಮಾತ್ರ ಕಿವಿಯಲ್ಲೇ ನಿಲ್ಲುತ್ತದೆ, ಗಂಟಲಿಗೆ ಬರುವುದಿಲ್ಲ. ಕೊಡಾಯ್ ಎಲ್ಲಿಂದ ಶುರು ಮಾಡುತ್ತಿದ್ದರೋ ಅದೇ ಇಲ್ಲಿ ಬಿಟ್ಟುಹೋಗಿದೆ.

ಗಂಟಲು ತೆರೆದು ಹಾಡುವ ಮಕ್ಕಳನ್ನು ಕಾಣಲು ಕಾಪುವಿಗೆ ಹೋಗಬೇಕು. 1901ರ ದೀಪಸ್ತಂಭವನ್ನು ನೋಡಲು ಬರುವ ಪ್ರವಾಸಿಗಳು ಕಡಲು ನೋಡಿ ಮರಳುತ್ತಾರೆ. ಆದರೆ ಮಲ್ಪೆಯಿಂದ ಹೆಜಮಾಡಿವರೆಗಿನ ಈ ತೀರದಲ್ಲಿ ಮೊಗವೀರರ ಕೇರಿ ಕೇರಿಗೆ ಭಜನಾ ಮಂದಿರಗಳಿವೆ. ಸಂಜೆ ದೀಪ ಹಚ್ಚಿದ ಮೇಲೆ ಹಾರ್ಮೋನಿಯಂ ತೆರೆಯುತ್ತದೆ. ಹಿರಿಯರೊಬ್ಬರು ಒಂದು ಸಾಲು ಹೇಳುತ್ತಾರೆ, ಸುತ್ತ ಕುಳಿತವರು ಅದನ್ನೇ ಮತ್ತೆ ಹೇಳುತ್ತಾರೆ. ಆ ಸುತ್ತಿನಲ್ಲಿ ಅಪ್ಪನ ತೊಡೆಗೆ ಒರಗಿ ಕುಳಿತ ಐದು ವರ್ಷದ ಮಗುವಿನ ಕೈಯಲ್ಲೂ ಒಂದು ಜೊತೆ ತಾಳ ಇರುತ್ತದೆ. ಅಕ್ಷರ ಕಲಿಯುವ ಮೊದಲೇ ಆ ಮಗು ಪುರಂದರದಾಸರ, ಕನಕದಾಸರ ಪದಗಳನ್ನು ಬಲ್ಲದು. ಏಕಾಹ ಭಜನೆಯ ದಿನವಂತೂ ಹಗಲು ರಾತ್ರಿ ಹಾಡು ಕಡಿಯುವುದಿಲ್ಲ. ನಿದ್ದೆಗೆ ಜಾರಿದ ಮಕ್ಕಳ ಕಿವಿಯೊಳಗೂ ಅದು ಹರಿಯುತ್ತಲೇ ಇರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕುಣಿತ ಭಜನೆ ಊರೂರಿಗೆ ಹಬ್ಬಿ, ಸಮವಸ್ತ್ರ ತೊಟ್ಟ ಹುಡುಗ ಹುಡುಗಿಯರ ತಂಡಗಳು ಹಾಡುತ್ತ ಹೆಜ್ಜೆ ಹಾಕುತ್ತಿವೆ. ಸಂಗೀತದ ಪಾಠ ತಾಯಿಯ ಬಸಿರಿನಲ್ಲೇ ಶುರುವಾಗುತ್ತದೆ ಎಂದು ಕೊಡಾಯ್ ಹೇಳುತ್ತಿದ್ದರು. ಈ ಕೇರಿಗಳಲ್ಲಿ ಆ ಮಾತಿಗೆ ವಿವರಣೆ ಬೇಕಾಗುವುದಿಲ್ಲ.

ಆದರೆ ಭಜನೆಯ ಮಗುವಿಗೆ ತಾನು ಹಾಡುತ್ತಿರುವುದು ಯಾವ ಸ್ವರ ಎಂದು ಯಾರೂ ಹೇಳಿಲ್ಲ. ಕಾಪುವಿನಿಂದ ಹದಿನೈದು ಕಿಲೊಮೀಟರ್ ಆಚೆ ಉಡುಪಿ ಮಣಿಪಾಲದ ಸಂಗೀತ ತರಗತಿಯಲ್ಲಿ ಜೂನಿಯರ್ ಪರೀಕ್ಷೆಗೆ ಕೂರುವ ಮಗುವಿಗೆ ಸ್ವರ ಗೊತ್ತು, ಬರೆಯಲೂ ಬರುತ್ತದೆ. ಅದಕ್ಕೆ ಕುಣಿತ ಗೊತ್ತಿಲ್ಲ, ಹತ್ತು ಜನರ ನಡುವೆ ಕುಳಿತು ಹಾಡುವ ಸುಖವೂ ಗೊತ್ತಿಲ್ಲ. ಯಕ್ಷಶಿಕ್ಷಣದ ಮಗುವಿಗೆ ತಾಳ ಗೊತ್ತು, ಹಾಡು ಬಾರದು. ಮೂವರೂ ಒಂದೇ ಜಿಲ್ಲೆಯ ಮಕ್ಕಳು, ಕೆಲವೊಮ್ಮೆ ಒಂದೇ ಶಾಲೆಯ ಮಕ್ಕಳು. ಮೂರೂ ವಿದ್ಯೆ ಒಂದೇ ಮಗುವಿನಲ್ಲಿ ಸೇರುವುದು ಅಪರೂಪ. ಕೊಡಾಯ್ ಮಾಡಿದ್ದು ಹೊಸ ಸಂಗೀತದ ಆವಿಷ್ಕಾರವಲ್ಲ, ಹಳ್ಳಿಯ ಹಾಡು, ಸ್ವರದ ಓದು, ಕುಣಿತದ ಆಟ ಮೂರನ್ನೂ ಪ್ರಾಥಮಿಕ ಶಾಲೆಯ ಒಂದೇ ಸೂರಿನ ಕೆಳಗೆ ತಂದದ್ದು.

ಕರ್ನಾಟಕದ ಹೆಚ್ಚಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತ ಶಿಕ್ಷಕರೇ ಇಲ್ಲ. ಮಕ್ಕಳ ಹಾಡಿಗೆ ಸಿಗುವ ದೊಡ್ಡ ವೇದಿಕೆ ಪ್ರತಿಭಾ ಕಾರಂಜಿ. ಅಲ್ಲಿ ಭಕ್ತಿಗೀತೆ, ಜನಪದ ಗೀತೆ ಎಲ್ಲಕ್ಕೂ ಸ್ಪರ್ಧೆಯಿದೆ, ಎಷ್ಟೋ ಮಕ್ಕಳು ಮೈಕಿನ ಭಯ ಕಳೆದುಕೊಂಡಿದ್ದು ಅಲ್ಲೇ. ಆದರೆ ಸ್ಪರ್ಧೆಗೆ ಶಾಲೆ ಕಳುಹಿಸುವುದು ಚೆನ್ನಾಗಿ ಹಾಡುವ ಒಂದು ಮಗುವನ್ನು. ಉಳಿದ ಮೂವತ್ತು ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ‘ನಿನಗೆ ಕಂಠ ಇಲ್ಲ, ಸುಮ್ಮನೆ ತುಟಿ ಆಡಿಸು’ ಎಂದು ಯಾರೋ ಅಂದ ಮಾತಿಗೆ ಬಾಯಿ ಮುಚ್ಚಿಕೊಂಡು ಆಮೇಲೆ ಜೀವಮಾನದಲ್ಲಿ ಹಾಡದವರು ಪ್ರತಿ ಊರಿನಲ್ಲೂ ಇದ್ದಾರೆ. ಕೊಡಾಯ್ ದುಡಿದದ್ದು ಆ ಮೂವತ್ತು ಮಕ್ಕಳಿಗಾಗಿ.

ಬೇಕಾದ ಸಾಮಗ್ರಿ ಹೊರಗಿನಿಂದ ತರಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿಯಿಂದಾಗಿ ಚಿಕ್ಕ ತರಗತಿಗಳ ಮಕ್ಕಳು ಈಗಾಗಲೇ ಹಾಡಿಕೊಂಡೇ ಅಕ್ಷರ ಕಲಿಯುತ್ತಿದ್ದಾರೆ. ಶಿಕ್ಷಕಿಯರು ಅಭಿನಯ ಮಾಡಿ ಹಾಡಿಸುವುದನ್ನು ರೂಢಿಸಿಕೊಂಡಿದ್ದಾರೆ. ಆ ಹಾಡಿಗೆ ಶ್ರುತಿಯ ಆಸರೆಯೊಂದು, ಕೈಯ ತಾಳವೊಂದು ಸೇರಿದರೆ ಅರ್ಧ ಪಾಠ ಅಲ್ಲಿಗೇ ಆಗುತ್ತದೆ. ಕಾರ್ಕಳದಲ್ಲಿ ಕೋಟಿ ಚೆನ್ನಯ ಥೀಮ್ ಪಾರ್ಕಿನ ಆವರಣದಲ್ಲಿ ಈಗ ಯಕ್ಷ ರಂಗಾಯಣ ಇದೆ. ರಾಜ್ಯದ ರಂಗಾಯಣಗಳಲ್ಲಿ ಯಕ್ಷಗಾನದ ಹೆಸರು ಹೊತ್ತದ್ದು ಇದೊಂದೇ. ಮಕ್ಕಳಿಗೆ ಆಟ ಕಲಿಸುವ ಗುರುಗಳಿಗೆ ಹಾಡು ಕಲಿಸುವುದನ್ನೂ, ಹಾಡು ಕಲಿಸುವ ಶಿಕ್ಷಕಿಯರಿಗೆ ಬಾಯಿತಾಳವನ್ನೂ ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಜಾಗ ಯಾವುದು? 1646ರಲ್ಲಿ ಚಂದ್ರಮ ಕವಿ ಕಾರ್ಕಳದ ಗೊಮ್ಮಟನ ಚರಿತೆಯನ್ನು ಬರೆದದ್ದು ಸಾಂಗತ್ಯದಲ್ಲಿ, ಎಂದರೆ ಹಾಡಲಿಕ್ಕೆ. ಆ ಊರಿನ ಮಕ್ಕಳು ತಮ್ಮೂರಿನ ಬೆಟ್ಟದ ಮೇಲಿನ ಮೂರ್ತಿಯ ಕಥೆಯನ್ನು ಹಾಡಿಕೊಂಡೇ ಕಲಿಯಬಹುದು.

ಚೌಕಿಯ ಹುಡುಗಿಗೆ ಈಗ ಗೆಜ್ಜೆ ಕಟ್ಟಿ ಆಗಿದೆ. ಹೊರಗೆ ಚೆಂಡೆ ಕೇಳುತ್ತದೆ, ಭಾಗವತರು ಪದ ಎತ್ತಿಕೊಳ್ಳುತ್ತಾರೆ. ಅವಳು ಪರದೆಯ ಹಿಂದೆ ನಿಂತು ಅದೇ ಪದವನ್ನು ತನ್ನಷ್ಟಕ್ಕೆ, ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ, ಭಾಗವತರ ಜೊತೆ ಹಾಡುತ್ತಿದ್ದಾಳೆ.